ವಿಡಿಯೋ ಓಡದಿದ್ದರೆ ಮೊದಲು ಫೋನಿನ ಸಮಯ ನೋಡಿ

ಗದಗ-ಬೆಟಗೇರಿ ಬಳಗದವರೇ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ವಿಡಿಯೋ ಸುಮ್ನೆ ಸುತ್ತುತ್ತಾ ನಿಂತರೆ ಫೋನಿನ ದಿನಾಂಕ, ಸಮಯ ಸರಿ ಇದೆಯಾ ನೋಡಿ. ದಿನಾಂಕ ತಪ್ಪಿದ್ದರೆ ಸರ್ವರ್‌ನ ಭದ್ರತಾ ಸರ್ಟಿಫಿಕೇಟ್ (ಅದು ಅಸಲಿ ಅಂತ ತೋರಿಸುವ ಡಿಜಿಟಲ್ ಗುರುತು) ಅವಧಿ ಸರಿಯಿಲ್ಲ ಅಂತ ಫೋನ್ ತಿಳಿದು ಸಂಪರ್ಕವನ್ನೇ ತಡೆಯಬಹುದು. ಬ್ಯಾಟರಿ ಖಾಲಿಯಾಗಿ ಬಹಳ ದಿನ ಮೂಲೆಯಲ್ಲಿದ್ದ ಹಳೆ ಫೋನ್‌ಗಳಲ್ಲಿ ಇದನ್ನು ತಪ್ಪದೇ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ಆಟೋಮ್ಯಾಟಿಕ್ ಮಾಡಿ.

ಆಮೇಲೂ ಓಡಲಿಲ್ವಾ? ಆಂಡ್ರಾಯ್ಡ್ ಫೋನಾದರೆ ಆ್ಯಪ್‌ನ ಕ್ಯಾಶ್ (ಆ್ಯಪ್ ತಾತ್ಕಾಲಿಕವಾಗಿ ಉಳಿಸಿಟ್ಟ ಫೈಲ್‌ಗಳು) ಅಳಿಸಿ. ಕ್ಯಾಶ್ ಮಾತ್ರ, ಡೇಟಾ ಅಲ್ಲ! ಡೇಟಾ ಅಳಿಸಿದರೆ ಮತ್ತೆ ಲಾಗಿನ್ ಆಗಬೇಕು, ಮನೆಯ ಹಿರಿಯರಿಗೆ ಪಾಸ್‌ವರ್ಡ್ ನೆನಪಿರುವುದು ಕಷ್ಟ ಅಲ್ವಾ. ಹುಬ್ಬಳ್ಳಿಯ ದುರ್ಗದಬೈಲಿನಂಥ ಸಂಜೆ ಗದ್ದಲದಲ್ಲಿ ಮಾತ್ರ ನಿಂತರೆ, ಟವರ್ ಮೇಲೆ ಹೊರೆ ಜಾಸ್ತಿ ಇರಬಹುದು. ಕ್ವಾಲಿಟಿ ಇಳಿಸಿ ನೋಡಿ.

‘ವಿಡಿಯೋ ನೋಡಲು ಈ ಪ್ಲೇಯರ್ ಹಾಕಿಕೊಳ್ಳಿ’ ಅಂತ ಬರುವ ಲಿಂಕ್ ಮಾತ್ರ ದಯವಿಟ್ಟು ಒತ್ತಬೇಡಿ.