ಹಕ್ಕಿಗಳ ಛಾಯಾಗ್ರಹಣಕ್ಕೆ ಹೊಸ ಟೆಲಿಫೋಟೊ ಜೂಮ್ ಲೆನ್ಸ್: ಪರೀಕ್ಷಿಸುವ ಕ್ರಮ

ಹೊಸ 100–400 ಅಥವಾ 150–600 ಮಿ.ಮೀ. ಜೂಮ್ ಲೆನ್ಸಿನಿಂದ ತೆಗೆದ ಮೊದಲ ಹಕ್ಕಿಚಿತ್ರಗಳು ಮಸುಕಾಗಿ ಬಂದಾಗ ಹೆಚ್ಚಿನವರ ಅನುಮಾನ ನೇರವಾಗಿ ಲೆನ್ಸಿನ ಮೇಲೆ ಬೀಳುತ್ತದೆ. ಆದರೆ ಮಸುಕಿಗೆ ಕಾರಣಗಳು ಹಲವು: ಗಾಜುಗಳ ಜೋಡಣೆಯಲ್ಲಿ ದೋಷವಿರಬಹುದು, ಫೋಕಸ್ ತಪ್ಪಿರಬಹುದು, ಕ್ಯಾಮೆರಾವೋ ಹಕ್ಕಿಯೋ ಅಲುಗಿರಬಹುದು, ಇಲ್ಲವೇ ಇವೆರಡರ ನಡುವಿನ ಗಾಳಿಯೇ ಬಿಸಿಲಿಗೆ ಕಾದು ಕದಲುತ್ತಿರಬಹುದು. ಹಾರುವ ಹಕ್ಕಿಯ ಒಂದು ಚಿತ್ರದಲ್ಲಿ ಇವೆಲ್ಲವೂ ಬೆರೆತಿರುವುದರಿಂದ ಯಾವುದರ ಪಾಲು ಎಷ್ಟೆಂದು ಹೇಳಲು ಬರುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಹಕ್ಕಿಯಿಂದ ಆರಂಭಿಸದೆ ಗೋಡೆಯಿಂದ ಆರಂಭಿಸಬೇಕು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತಾ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೆನ್ಸನ್ನು ಹಿಂದಿರುಗಿಸಲು ಮಾರಾಟಗಾರರು ಕೊಟ್ಟಿರುವ ಅವಧಿ ಮುಗಿಯುವುದರೊಳಗೆ ಇದೆಲ್ಲ ನಡೆಯಬೇಕು.

ಹೊರನೋಟದ ಪರಿಶೀಲನೆಗೆ ಹೆಚ್ಚು ಸಮಯ ಬೇಕಿಲ್ಲ. ಜೂಮ್ ಉಂಗುರ ಎಲ್ಲಿಯೂ ತಡೆಯದೆ ತಿರುಗುತ್ತದೆಯೇ, ಕ್ಯಾಮೆರಾಕ್ಕೆ ಕೂರಿಸಿದ ಮೇಲೆ ಲೆನ್ಸ್ ಸಡಿಲವಾಗಿ ಆಡುತ್ತದೆಯೇ, ಟ್ರೈಪಾಡ್ ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಪಟ್ಟಿ) ಬಿಗಿಯಾಗಿ ನಿಲ್ಲುತ್ತದೆಯೇ ಎಂದು ನೋಡಿದರೆ ಸಾಕು. ಲೆನ್ಸನ್ನು ಕೆಳಮುಖವಾಗಿ ಹಿಡಿದಾಗ ಕೊಳವೆ ತಾನಾಗಿಯೇ ಜಾರಿ ಉದ್ದವಾಗುವುದು ಹೊರಚಾಚುವ ಜೂಮ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಣ. ಅದಕ್ಕೆಂದೇ ಹಲವು ಲೆನ್ಸ್‌ಗಳಲ್ಲಿ ಲಾಕ್ ಇರುತ್ತದೆ. ಒಳಗೆ ಕಾಣುವ ಒಂದೆರಡು ಧೂಳಿನ ಕಣಗಳು ಚಿತ್ರದ ಮೇಲೆ ಪರಿಣಾಮ ಬೀರುವುದಿಲ್ಲ.

ಗೋಡೆಯ ಪರೀಕ್ಷೆಗೆ ಇಟ್ಟಿಗೆಯ ಗೆರೆಗಳು ಸ್ಪಷ್ಟವಾಗಿ ಕಾಣುವ ಸಮತಟ್ಟಾದ ಗೋಡೆ ಬೇಕು. ಅದು ಸಿಗದಿದ್ದರೆ ಹಲಗೆಯೊಂದರ ಮೇಲೆ ಸುಕ್ಕಿಲ್ಲದಂತೆ ಅಂಟಿಸಿದ ವೃತ್ತಪತ್ರಿಕೆಯ ಹಾಳೆಗಳೂ ಆಗುತ್ತವೆ. ಹಕ್ಕಿಗಳನ್ನು ಸಾಮಾನ್ಯವಾಗಿ ಯಾವ ದೂರದಿಂದ ತೆಗೆಯುವಿರೋ, ಅಂದರೆ 10ರಿಂದ 20 ಮೀಟರ್‌ಗಳಷ್ಟು ದೂರದಲ್ಲಿ, ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ ಗಟ್ಟಿಮುಟ್ಟಾದ ಟ್ರೈಪಾಡಿನ ಮೇಲೆ ನಿಲ್ಲಿಸಿ. ತಂಪಾದ ಬೆಳಗು ಅಥವಾ ಮೋಡ ಕವಿದ ಹೊತ್ತನ್ನು ಆರಿಸಿಕೊಳ್ಳಿ. ತಯಾರಕರ ಕೈಪಿಡಿ ಬೇರೆ ರೀತಿ ಹೇಳದಿದ್ದರೆ ಲೆನ್ಸಿನ ಸ್ಟೆಬಿಲೈಸೇಷನ್ (ನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) ಕಡಿಮೆ ಇಟ್ಟು, ಬಟನ್ ಒತ್ತಿದ ಕಂಪನ ತಾಗದಂತೆ ಸೆಲ್ಫ್ ಟೈಮರ್ ಅಥವಾ ರಿಮೋಟ್ ಬಳಸಿ. ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿಕೊಂಡು ಕೈಯಿಂದಲೇ ಫೋಕಸ್ ಮಾಡಿ. ಆಟೊಫೋಕಸ್ ಈ ಹಂತದಲ್ಲಿ ಬೇಡ, ಏಕೆಂದರೆ ಈಗ ತಿಳಿಯಬೇಕಿರುವುದು ಗಾಜಿನ ಗುಣ ಮಾತ್ರ. ಅತಿ ಕಡಿಮೆ, ಮಧ್ಯದ ಮತ್ತು ಅತಿ ಹೆಚ್ಚಿನ ಫೋಕಲ್ ಲೆಂತ್‌ಗಳಲ್ಲಿ (ಮಿ.ಮೀ.ಗಳಲ್ಲಿ ಹೇಳುವ ಜೂಮ್ ಅಳತೆ), ಪ್ರತಿಯೊಂದಕ್ಕೂ ಪೂರ್ತಿ ತೆರೆದ ಅಪರ್ಚರ್ (ಬೆಳಕು ಬರುವ ರಂಧ್ರ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು), ಎಫ್/8 ಮತ್ತು ಎಫ್/11ರಲ್ಲಿ ಚಿತ್ರ ತೆಗೆಯಿರಿ. ಜೂಮ್ ಬದಲಿಸಿದಾಗ ಫೋಕಸ್ ಬಿಂದುವೂ ಸರಿಯುವ ಸಾಧ್ಯತೆ ಇರುವುದರಿಂದ ಪ್ರತಿ ಬಾರಿಯೂ ಹೊಸದಾಗಿ ಫೋಕಸ್ ಮಾಡಲೇಬೇಕು.

ಈ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೂರು ಪ್ರತಿಶತ ಗಾತ್ರದಲ್ಲಿ ನೋಡುವಾಗ ಮೊದಲು ಮಧ್ಯಭಾಗವನ್ನೂ ಆಮೇಲೆ ಅಂಚುಗಳನ್ನೂ ಗಮನಿಸಿ. ನಾಲ್ಕು ಮೂಲೆಗಳೂ ಒಂದೇ ಪ್ರಮಾಣದಲ್ಲಿ ಮೆದುವಾಗಿದ್ದರೆ ಅದು ಆ ಲೆನ್ಸಿನ ವಿನ್ಯಾಸದ ಮಿತಿ, ಹಕ್ಕಿಚಿತ್ರಗಳಿಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ. ಒಂದು ಬದಿ ಮಾತ್ರ ಮಸುಕಾಗಿ ಉಳಿದದ್ದು ಸ್ಪಷ್ಟವಾಗಿದ್ದರೆ ಒಳಗಿನ ಯಾವುದೋ ಗಾಜು ಓರೆಯಾಗಿದೆ ಅಥವಾ ನಡುವಿನಿಂದ ಸರಿದಿದೆ ಎಂಬ ಸಂದೇಹ ಬರಬೇಕು. ಆದರೂ ತೀರ್ಮಾನಕ್ಕೆ ಆತುರ ಬೇಡ, ಗೋಡೆಗೆ ಕ್ಯಾಮೆರಾ ಸರಿಯಾಗಿ ಸಮಾನಾಂತರವಾಗಿರದಿದ್ದರೂ ಫಲಿತಾಂಶ ಹೀಗೆಯೇ ಕಾಣುತ್ತದೆ. ಇದನ್ನು ಬಿಡಿಸಿಕೊಳ್ಳಲು ಒಂದು ನಂಬಲರ್ಹವಾದ ಉಪಾಯವಿದೆ: ಕಾಲರನ್ನು ಸಡಿಲಿಸಿ, ಕ್ಯಾಮೆರಾ ಮತ್ತು ಲೆನ್ಸನ್ನು ಒಟ್ಟಿಗೆ 90 ಡಿಗ್ರಿ, ಸಾಧ್ಯವಾದರೆ 180 ಡಿಗ್ರಿ ತಿರುಗಿಸಿ ಅದೇ ಗೋಡೆಯನ್ನು ಮತ್ತೆ ತೆಗೆಯಿರಿ. ಮಸುಕು ಗೋಡೆಯ ಅದೇ ಭಾಗದಲ್ಲಿ ಉಳಿದರೆ ತಪ್ಪು ಕ್ಯಾಮೆರಾ ನಿಲ್ಲಿಸಿದ ರೀತಿಯದು. ಚೌಕಟ್ಟಿನ ಅದೇ ಮೂಲೆಯ ಜೊತೆಗೆ ತಿರುಗಿ ಬಂದರೆ ತಪ್ಪು ಲೆನ್ಸಿನದು, ಅಪರೂಪಕ್ಕೆ ಮೌಂಟಿನದು (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜಾಗ). ಬೇರೊಂದು ಲೆನ್ಸಿನಲ್ಲಿಯೂ ಅದೇ ಮೂಲೆ ಮಸುಕಾದರೆ ಕ್ಯಾಮೆರಾವನ್ನು ಪರೀಕ್ಷಿಸಬೇಕಾಗುತ್ತದೆ.

ಇನ್ನು ಎಫ್/16ಕ್ಕಿಂತ ಕಿರಿದಾದ ಅಪರ್ಚರಿನಲ್ಲಿ ಚಿತ್ರ ಮೆದುವಾಗುವುದು ಬೆಳಕಿನ ವಿವರ್ತನೆಯಿಂದ (ಕಿರಿದಾದ ರಂಧ್ರ ದಾಟುವಾಗ ಹರಡುವ ಗುಣ); ಅದನ್ನು ದೋಷವೆಂದು ಬರೆದುಕೊಳ್ಳಬಾರದು.

ಗಾಜು ಸರಿಯಿದೆ ಎಂದು ಖಚಿತವಾದ ಮೇಲೆ ಆಟೊಫೋಕಸ್‌ಗೆ ಬರಬಹುದು. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ) ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಮೂಲಕ ನೋಡುವಾಗ ಫೋಕಸ್ ಅಳೆಯುವ ಸೆನ್ಸರ್ ಬೇರೆಯೇ ಇರುವುದರಿಂದ, ಫೋಕಸ್ ಹಕ್ಕಿಯ ಮುಂದಕ್ಕೋ ಹಿಂದಕ್ಕೋ ಪ್ರತಿ ಬಾರಿಯೂ ಅಷ್ಟೇ ಅಂತರದಲ್ಲಿ ತಪ್ಪುವುದುಂಟು. ಒಂದೇ ಗುರಿಯನ್ನು ಲೈವ್ ವ್ಯೂನಲ್ಲಿಯೂ (ಹಿಂಬದಿಯ ಪರದೆಯಲ್ಲಿ ನೋಡುವ ಕ್ರಮ) ವ್ಯೂಫೈಂಡರಿನಲ್ಲಿಯೂ ಹಲವು ಬಾರಿ ತೆಗೆದು ಹೋಲಿಸಿದರೆ ಇದು ಬಯಲಾಗುತ್ತದೆ; ಪ್ರತಿ ಚಿತ್ರಕ್ಕೂ ಮುನ್ನ ಫೋಕಸ್ಸನ್ನು ಬೇಕೆಂದೇ ಕೆಡಿಸಿಕೊಳ್ಳುವುದು ಅಗತ್ಯ. ಲೈವ್ ವ್ಯೂ ಚಿತ್ರಗಳು ಮಾತ್ರ ಸ್ಪಷ್ಟವಾಗಿದ್ದರೆ ಕ್ಯಾಮೆರಾದ ಸೂಕ್ಷ್ಮ ಹೊಂದಾಣಿಕೆಯ ಮೆನುವಿನಲ್ಲಿ ಸರಿಪಡಿಸಬಹುದು. ಮಿರರ್‌ಲೆಸ್ ಕ್ಯಾಮೆರಾಗಳು ಚಿತ್ರ ಹಿಡಿಯುವ ಸೆನ್ಸರಿನಿಂದಲೇ ಫೋಕಸ್ ಅಳೆಯುವುದರಿಂದ ಈ ತೊಂದರೆ ಅವುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ.

ಫೋಕಸ್ ಆದ ವಲಯ ಎಷ್ಟು ತೆಳುವಾಗಿರುತ್ತದೆ ಎಂಬ ಅಂದಾಜು ಮನಸ್ಸಿನಲ್ಲಿದ್ದರೆ ಅನಗತ್ಯವಾಗಿ ಲೆನ್ಸನ್ನು ದೂರುವುದು ತಪ್ಪುತ್ತದೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 600 ಮಿ.ಮೀ., ಎಫ್/6.3ರಲ್ಲಿ 10 ಮೀಟರ್ ದೂರದ ಹಕ್ಕಿಗೆ ಫೋಕಸ್ ಮಾಡಿದಾಗ ಸ್ಪಷ್ಟವಾಗಿ ಕಾಣುವ ಆಳ ಸುಮಾರು 10 ಸೆಂ.ಮೀ. ಮಾತ್ರ, 5 ಮೀಟರಿಗೆ ಬಂದರೆ ಅದು ಎರಡೂವರೆ ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಹತ್ತಿರದಲ್ಲಿ ಕುಳಿತ ಮಿಂಚುಳ್ಳಿಯ ಕಣ್ಣು ಸ್ಪಷ್ಟವಾಗಿದ್ದು ಕೊಕ್ಕಿನ ತುದಿ ಮಸುಕಾದರೆ ಅದು ಭೌತಶಾಸ್ತ್ರದ ನಿಯಮ. ಎಫ್/8 ಅಥವಾ ಎಫ್/11ಕ್ಕೆ ಹೋದರೆ ಸ್ವಲ್ಪ ಪರಿಹಾರ ಸಿಗುತ್ತದೆ.

ಕೈಯಲ್ಲಿ ಹಿಡಿದು ತೆಗೆಯುವ ಪರೀಕ್ಷೆಯಲ್ಲಿ ತಿಳಿಯುವುದು ಸ್ಟೆಬಿಲೈಸೇಷನ್ನಿನ ಶಕ್ತಿ ಮಾತ್ರವಲ್ಲ, ನಿಮ್ಮ ತೋಳಿನ ಶಕ್ತಿಯೂ ಹೌದು. ಫೋಕಲ್ ಲೆಂತ್‌ಗೆ ಸಮನಾದ ಶಟರ್ ವೇಗ ಬೇಕೆಂಬ ಹಳೆಯ ಸೂತ್ರದ ಪ್ರಕಾರ 600 ಮಿ.ಮೀ.ಗೆ ಸೆಕೆಂಡಿನ 1/600, ಒಂದೂವರೆ ಪಟ್ಟಿನ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಇದ್ದರೆ 1/900 ಬೇಕಾಗುತ್ತದೆ. ಸ್ಟೆಬಿಲೈಸೇಷನ್ ಆನ್ ಮಾಡಿ 1/1000, 1/500, 1/250, 1/125ರಲ್ಲಿ ತಲಾ ಹತ್ತು ಚಿತ್ರ ತೆಗೆದು, ಯಾವ ವೇಗದವರೆಗೆ ಹೆಚ್ಚಿನವು ಸ್ಪಷ್ಟವಾಗಿವೆ ಎಂದು ಎಣಿಸಿ. ಶಟರ್ ಬಟನ್ನನ್ನು ಅರ್ಧ ಒತ್ತಿ, ವ್ಯೂಫೈಂಡರಿನ ಚಿತ್ರ ನೆಲೆಗೊಂಡ ಬಳಿಕ ಪೂರ್ತಿ ಒತ್ತುವುದು ಒಳ್ಳೆಯ ಅಭ್ಯಾಸ. ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕವನ್ನು ತಡೆಯಬಲ್ಲದೇ ಹೊರತು ಹಕ್ಕಿಯ ಚಲನೆಯನ್ನಲ್ಲ. ಕೊಂಬೆಯ ಮೇಲೆ ಕುಳಿತ ಹಕ್ಕಿಯೂ ಕ್ಷಣಕ್ಕೊಮ್ಮೆ ತಲೆ ಹೊರಳಿಸುವುದರಿಂದ 1/500ಕ್ಕಿಂತ ಕೆಳಗಿಳಿಯದಿರುವುದು ಲೇಸು, ರೆಕ್ಕೆ ಬಡಿಯುವ ಸಣ್ಣ ಹಕ್ಕಿಗೆ 1/2500 ಅಥವಾ ಅದಕ್ಕೂ ಹೆಚ್ಚು ಬೇಕು.

ಬಹುತೇಕರು ಲೆಕ್ಕಕ್ಕೆ ತೆಗೆದುಕೊಳ್ಳದ ಅಂಶವೆಂದರೆ ಗಾಳಿ, ಮತ್ತು ನನಗೆ ತೋರುವಂತೆ ನಿರ್ದೋಷಿ ಲೆನ್ಸುಗಳ ಮೇಲೆ ಅತಿ ಹೆಚ್ಚು ಅಪವಾದ ತರುವುದೂ ಇದೇ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿ ಮತ್ತು ಮೇಲಿನ ತಂಪು ಗಾಳಿ ಬೆರೆಯುವಾಗ ಬೆಳಕು ಬೇರೆ ಬೇರೆ ಕೋನಗಳಲ್ಲಿ ಬಾಗುತ್ತದೆ. ದೂರ ಹೆಚ್ಚಿದಷ್ಟೂ, ದೃಷ್ಟಿರೇಖೆ ನೆಲಕ್ಕೆ ಹತ್ತಿರವಾದಷ್ಟೂ ಪರಿಣಾಮ ಹೆಚ್ಚು. ಡಾಂಬರು ರಸ್ತೆ, ಬಯಲು, ಕಾದ ಬಂಡೆಗಳ ಮೇಲಿಂದ ಮಧ್ಯಾಹ್ನ ತೆಗೆದ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಒಳಗಿನ ಮತ್ತು ಹೊರಗಿನ ಉಷ್ಣತೆಯಲ್ಲಿ ಅಂತರವಿರುವಾಗ ವಾಹನದ ಕಿಟಕಿಯಿಂದ ತೆಗೆದರೂ ಇದೇ ತೊಂದರೆ. ಗುರುತು ಸುಲಭ: ಒಂದೇ ಸರಣಿಯ ಚಿತ್ರಗಳಲ್ಲಿ ಒಂದರಲ್ಲಿ ತಲೆ ಸ್ಪಷ್ಟ, ಇನ್ನೊಂದರಲ್ಲಿ ಬಾಲ ಸ್ಪಷ್ಟ, ನೇರವಾಗಿರಬೇಕಾದ ಗೆರೆಗಳು ಅಲೆಯಂತೆ ಬಾಗಿರುತ್ತವೆ, ಆಟೊಫೋಕಸ್ ನೆಲೆ ಸಿಗದೆ ಹಿಂದೆ ಮುಂದೆ ಹೋಗುತ್ತಿರುತ್ತದೆ. ಇದಕ್ಕೆ ಯಾವ ದುಬಾರಿ ಲೆನ್ಸಿನಲ್ಲಿಯೂ ಮದ್ದಿಲ್ಲ. ದೂರವನ್ನು ಕಡಿಮೆ ಮಾಡಬೇಕು ಅಥವಾ ನೆಲ ಕಾಯುವ ಮುನ್ನ ಬರಬೇಕು. ತಂಪಾದ ಕೋಣೆಯಿಂದ ಹೊರತಂದ ಲೆನ್ಸಿನ ಗಾಜಿನ ಮೇಲೆ ಹಬೆ ಕೂರುವುದರಿಂದ ಅರ್ಧ ಗಂಟೆ ಚೀಲದಲ್ಲಿಯೇ ಇಟ್ಟು ಹೊರಗಿನ ಉಷ್ಣತೆಗೆ ಹೊಂದಿಕೊಳ್ಳಲು ಬಿಡಿ. ಮುಂದೆ ರಕ್ಷಣೆಗೆಂದು ಫಿಲ್ಟರ್ ಹಾಕಿದ್ದರೆ ಅದಿದ್ದೂ ಇಲ್ಲದೆಯೂ ಒಂದೊಂದು ಚಿತ್ರ ತೆಗೆದು ಹೋಲಿಸಿ, ಏಕೆಂದರೆ ಅಗ್ಗದ ಫಿಲ್ಟರ್ ದೀರ್ಘ ಫೋಕಲ್ ಲೆಂತ್‌ನಲ್ಲಿ ಒಳ್ಳೆಯ ಗಾಜಿನ ಗುಣವನ್ನೂ ಕೆಡಿಸಬಲ್ಲದು.

ಈಗ ಹಕ್ಕಿಗಳ ಸರದಿ. ಮನುಷ್ಯರಿಗೆ ಹೊಂದಿಕೊಂಡಿರುವ ಪಾರಿವಾಳ, ಕಾಗೆ, ಬಾತುಕೋಳಿಗಳಿಂದ ಶುರು ಮಾಡುವುದು ಉತ್ತಮ. ಗೂಡಿನಲ್ಲಿರುವ ಹಕ್ಕಿ ಕದಲುವುದಿಲ್ಲವೆಂಬ ಕಾರಣಕ್ಕೆ ಅದನ್ನು ಪರೀಕ್ಷೆಯ ಗುರಿಯಾಗಿಸಬಾರದು, ಏಕೆಂದರೆ ಬೆದರಿದ ತಾಯಿಹಕ್ಕಿ ಗೂಡು ಬಿಟ್ಟರೆ ಮೊಟ್ಟೆ ಮರಿಗಳಿಗೆ ಅಪಾಯ. ಕಾಗೆಯ ಕಪ್ಪು ಗರಿಗಳು ಮಂದ ಬೆಳಕಿನಲ್ಲಿ ಆಟೊಫೋಕಸ್ಸಿಗೆ ಕಠಿಣ ಪರೀಕ್ಷೆ. ಬೆಳ್ಳಕ್ಕಿಯ ಬಿಳಿಯಲ್ಲಿ ಗರಿಗಳ ಎಳೆ ಉಳಿಯಬೇಕಾದರೆ, ಹಿನ್ನೆಲೆ ಕಡುಬಣ್ಣದ್ದಾಗಿದ್ದಾಗ ಎಕ್ಸ್‌ಪೋಶರ್ ಒಂದು ಸ್ಟಾಪ್‌ನಷ್ಟು (ಬೆಳಕು ಅರ್ಧವಾಗುವಷ್ಟು) ಇಳಿಸಬೇಕಾಗಬಹುದು. ಹಾರಾಟಕ್ಕೆ ನಿಧಾನವಾಗಿ ತೇಲುವ ಹದ್ದನ್ನು ಮೊದಲು ಆರಿಸಿಕೊಳ್ಳಿ. ಫುಲ್ ಫ್ರೇಮ್‌ನಲ್ಲಿ 600 ಮಿ.ಮೀ. ಲೆನ್ಸ್ ನೋಡುವುದು ಕರ್ಣದುದ್ದಕ್ಕೂ ಸುಮಾರು 4 ಡಿಗ್ರಿ ಮಾತ್ರ. ಆದ್ದರಿಂದ ಕಡಿಮೆ ಫೋಕಲ್ ಲೆಂತ್‌ನಲ್ಲಿ ಹಕ್ಕಿಯನ್ನು ಹಿಡಿದು, ಫೋಕಸ್ ಕೂತ ಮೇಲೆ ಜೂಮ್ ಮಾಡುವುದು ಸುಲಭ. ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರದ ವ್ಯಾಪ್ತಿಗೆ ಇಟ್ಟರೆ ಲೆನ್ಸ್ ಹತ್ತಿರದವರೆಗೂ ಹುಡುಕುತ್ತಾ ಸಮಯ ಕಳೆಯುವುದಿಲ್ಲ. ಖಾಲಿ ಆಕಾಶದೆದುರು ಫೋಕಸ್ ಚೆನ್ನಾಗಿ ಹಿಂಬಾಲಿಸಿದರೆ, ಅದೇ ಹಕ್ಕಿ ಮರಗಳ ಸಾಲಿನೆದುರು ಹಾದುಹೋಗುವಾಗಲೂ ಹಿಡಿತ ಉಳಿಯುತ್ತದೆಯೇ ನೋಡಿ. ಲೆನ್ಸಿನ ಮೋಟಾರು ಮತ್ತು ಕ್ಯಾಮೆರಾದ ಹೊಂದಾಣಿಕೆ ನಿಜವಾಗಿ ತಿಳಿಯುವುದು ಅಲ್ಲಿ.

ಟೆಲಿಕನ್ವರ್ಟರನ್ನು (ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಕೂರಿಸಿ ಫೋಕಲ್ ಲೆಂತ್ ಹೆಚ್ಚಿಸುವ ಸಾಧನ) ಇವೆಲ್ಲ ಮುಗಿಯುವವರೆಗೆ ಜೋಡಿಸಬೇಡಿ. 1.4 ಪಟ್ಟಿನದು ಒಂದು ಸ್ಟಾಪ್ ಬೆಳಕನ್ನು ಕಸಿಯುವುದರಿಂದ ಎಫ್/6.3 ಲೆನ್ಸ್ ಎಫ್/9 ಆಗುತ್ತದೆ, ಆ ಬೆಳಕಿನಲ್ಲಿ ಬಹಳಷ್ಟು ಡಿಎಸ್‌ಎಲ್‌ಆರ್‌ಗಳ ಆಟೊಫೋಕಸ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಒಂದು ವೇಳೆ ದೋಷ ಖಚಿತವಾದರೆ ಹಕ್ಕಿಚಿತ್ರಗಳನ್ನಲ್ಲ, ಗೋಡೆಯ ಚಿತ್ರಗಳನ್ನೇ ಮಾರಾಟಗಾರರಿಗೆ ಅಥವಾ ಸರ್ವಿಸ್ ಸೆಂಟರಿಗೆ ಕಳುಹಿಸಿ. ಕ್ಯಾಮೆರಾ ತಿರುಗಿಸುವ ಮೊದಲಿನ ಮತ್ತು ನಂತರದ ಜೋಡಿಯನ್ನು, ಫೋಕಲ್ ಲೆಂತ್ ಮತ್ತು ಅಪರ್ಚರ್ ವಿವರ ಅಳಿಸದ ಮೂಲ ಫೈಲುಗಳಾಗಿಯೇ ಕೊಡಿ. ತೊಂದರೆ ಫೋಕಸ್ಸಿನದಾಗಿದ್ದು ಮೆನುವಿನಲ್ಲಿ ಸರಿಹೋಗದಿದ್ದರೆ ಲೆನ್ಸಿನ ಜೊತೆಗೆ ಕ್ಯಾಮೆರಾವನ್ನೂ ಒಪ್ಪಿಸುವುದು ಉತ್ತಮ, ಏಕೆಂದರೆ ಹೊಂದಾಣಿಕೆ ಆಗಬೇಕಿರುವುದು ಆ ಎರಡರ ನಡುವೆ.