ಜಿಂಬಾಬ್ವೆಯನ್ನು ನಾನು ನೋಡಿದ ಕ್ರಮ

ಜಿಂಬಾಬ್ವೆಗೆ ಹೋಗುವ ಪ್ರವಾಸಿಗರಲ್ಲಿ ಅನೇಕರು ವಿಕ್ಟೋರಿಯಾ ಜಲಪಾತದ ಊರಿಗೇ ವಿಮಾನದಲ್ಲಿ ಬಂದಿಳಿದು, ಎರಡು ದಿನ ತಂಗಿ ಹಿಂದಿರುಗುತ್ತಾರೆ. ನಾನು ಜಲಪಾತವನ್ನು ಕೊನೆಗೆ ಇಟ್ಟುಕೊಂಡೆ. ಕಟ್ಟಡ ನಿರ್ಮಾಣದ ಕೆಲಸದಲ್ಲಿಯೇ ಮೂವತ್ತು ವರ್ಷ ಕಳೆದ ನನ್ನನ್ನು ಮೊದಲು ಸೆಳೆದದ್ದು ಆ ದೇಶದ ಹೆಸರು. ಶೋನಾ ಭಾಷೆಯಲ್ಲಿ ಅದಕ್ಕೆ ‘ಕಲ್ಲಿನ ಮನೆಗಳು’ ಎಂಬ ಅರ್ಥವಿದೆ. ಆ ಮನೆಗಳನ್ನು ನೋಡಿದ ಮೇಲೆಯೇ ನದಿಯ ಕಡೆ ಹೊರಡಬೇಕೆಂದು ನಿಶ್ಚಯಿಸಿಕೊಂಡೆ.

ತಿಂಗಳನ್ನು ಮಾತ್ರ ಜಲಪಾತಕ್ಕಾಗಿ ಆರಿಸಿದೆ. ಏಪ್ರಿಲ್ ಸುಮಾರಿಗೆ ಜಲಪಾತದ ನದಿಯಾದ ಜಾಂಬೆಜಿ ಉಕ್ಕಿ ಹರಿಯುವಾಗ ತುಂತುರಿನ ಮರೆಯಲ್ಲಿ ನೀರು ಬೀಳುವುದೇ ಕಾಣಿಸುವುದಿಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ನದಿಯಾಚೆಯ ಜಾಂಬಿಯಾ ದೇಶದ ಕಡೆಯ ಬಂಡೆಗಳು ಬಹುಪಾಲು ಬರಿದಾಗುತ್ತವೆ. ಹೀಗಾಗಿ ಜೂನ್ ಮಧ್ಯದಲ್ಲಿ ಹೊರಟೆ. ಅದು ಅಲ್ಲಿ ಚಳಿಗಾಲವಾದ್ದರಿಂದ ಬೆಳಗಿನ ಹೊತ್ತಿಗೆ ಸ್ವೆಟರ್ ಬೇಕೇ ಬೇಕು. ಮಲೇರಿಯಾ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಂಡಿದ್ದೆ. ಖರ್ಚಿಗೆ ಸಣ್ಣ ಮೊತ್ತದ ಅಮೆರಿಕನ್ ಡಾಲರ್ ನೋಟುಗಳನ್ನು ಇಟ್ಟುಕೊಂಡಿದ್ದೆ.

ರಾಜಧಾನಿ ಹರಾರೆಯಲ್ಲಿ ಕಾರು ಬಾಡಿಗೆಗೆ ಪಡೆದು, ಸುಮಾರು 290 ಕಿಲೋಮೀಟರ್ ದಕ್ಷಿಣದ ಮಾಸ್ವಿಂಗೋ ತಲುಪಿದೆ. ನಮ್ಮಲ್ಲಿಯಂತೆ ಅಲ್ಲಿಯೂ ರಸ್ತೆಯ ಎಡಗಡೆಯಲ್ಲಿ ಓಡಿಸುವುದರಿಂದ ಕಷ್ಟವಾಗಲಿಲ್ಲ. ಆದರೆ ದನ, ಕತ್ತೆಗಳು ರಸ್ತೆಗೆ ಬರುತ್ತವೆ. ಕತ್ತಲಾದ ಮೇಲೆ ನಾನು ಒಂದು ದಿನವೂ ಕಾರು ಓಡಿಸಲಿಲ್ಲ.

ಮಾಸ್ವಿಂಗೋ ಸಮೀಪದ ಹಳೆಯ ಕಲ್ಲಿನ ನಗರ ಗ್ರೇಟ್ ಜಿಂಬಾಬ್ವೆಗೆ ಎರಡು ಪೂರ್ಣ ದಿನ ಕೊಟ್ಟೆ. ಸುಮಾರು 11ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ಶೋನಾ ಜನರ ಪೂರ್ವಿಕರು ಕಟ್ಟಿ ಬೆಳೆಸಿದ ಈ ನಗರ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೊದಲ ದಿನ ಬೆಳಿಗ್ಗೆ ಬೆಟ್ಟದ ಮೇಲಿನ ಅವಶೇಷಗಳಿಗೆ ಹತ್ತಿದೆ. ಬಂಡೆಗೂ ಗೋಡೆಗೂ ನಡುವೆ ಒಬ್ಬರೇ ನುಸುಳಬಹುದಾದಷ್ಟು ಇಕ್ಕಟ್ಟಾದ ಹಳೆಯ ಮೆಟ್ಟಿಲುದಾರಿ ಅದು. ಮೇಲಿನಿಂದ ನೋಡಿದಾಗ, ಕೆಳಗಿನ ಬಯಲಿನಲ್ಲಿ ಮಹಾ ಆವರಣದ ಗೋಡೆ ಮೊಟ್ಟೆಯಾಕಾರದಲ್ಲಿ ಬಳಸಿ ನಿಂತಿರುವುದು ಒಂದೇ ನೋಟಕ್ಕೆ ಸಿಗುತ್ತದೆ. ಇದನ್ನು ನೋಡದೆ ನೇರವಾಗಿ ಆವರಣದೊಳಗೆ ಹೋಗಿದ್ದರೆ ಅದರ ವಿನ್ಯಾಸ ನನಗೆ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಆ ಗೋಡೆಯ ಬುಡದಲ್ಲಿ ಕುಳಿತೆ. ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್; ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಅಲ್ಲಿನ ಗ್ರಾನೈಟ್ ಬೆಟ್ಟಗಳು ಹಗಲಿನ ಬಿಸಿಲಿಗೂ ಇರುಳಿನ ಚಳಿಗೂ ಹಾಳೆ ಹಾಳೆಯಾಗಿ ಸೀಳುತ್ತವೆ. ಆ ಹಾಳೆಗಳನ್ನೇ ಇಟ್ಟಿಗೆಯಷ್ಟಕ್ಕೆ ಒಡೆದು ಬಳಸಿದ್ದಾರೆ. ಹಂಪಿಯ ಕಲ್ಲುಗಳಲ್ಲಿ ಸಾಲಾಗಿ ಕಾಣುವ, ಕಲ್ಲು ಸೀಳಲು ಕೊರೆದ ಬೆಣೆಯ ಗುಳಿಗಳನ್ನು ಹುಡುಕಿದೆ, ಒಂದೂ ಸಿಗಲಿಲ್ಲ. ಬುಡದಲ್ಲಿ ಅಗಲವಾಗಿದ್ದು ಮೇಲೇರಿದಂತೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ವಾಲುವ ವರಸೆಗಳ ನೇರವನ್ನು ಕಣ್ಣಿನಿಂದ ಅಳೆಯುತ್ತಾ ಹೋದೆ. ಆವರಣದ ಒಳಗಿರುವ ಶಂಕುವಿನಾಕಾರದ ಗೋಪುರದ ಬಳಿ ಬಂದಾಗ ಕೆಲಸ ಇನ್ನೂ ನಾಜೂಕಾಗಿತ್ತು. ಅದು ಒಳಗೂ ಗಟ್ಟಿ ಕಲ್ಲೇ, ನಿಧಿಯೂ ಇಲ್ಲ, ಕೋಣೆಯೂ ಇಲ್ಲ.

ಇಂತಹ ಕೆಲಸ ಆಫ್ರಿಕದವರದ್ದಲ್ಲ ಎಂದು ಬಹುಕಾಲ ವಾದಿಸಲಾಯಿತೆಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1871ರಲ್ಲಿ ಬಂದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್ ಇದನ್ನು ಬೈಬಲ್‌ನ ಶೀಬಾ ರಾಣಿಗೆ ತಳುಕು ಹಾಕಿದ. ಆಮೇಲೆ ಉಸ್ತುವಾರಿಗೆಂದು ಬಂದ ರಿಚರ್ಡ್ ಹಾಲ್, ಆಫ್ರಿಕನ್ನರ ವಾಸದ ಕುರುಹುಗಳಿದ್ದ ಮಣ್ಣಿನ ಪದರಗಳನ್ನೇ ಅಗೆದು ಹೊರಹಾಕಿಸಿದ. 1905ರಲ್ಲಿ ರಾಂಡಲ್ ಮ್ಯಾಕಿವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಎಂಬ ಪುರಾತತ್ವಜ್ಞರು ಉತ್ಖನನದ ಆಧಾರದಿಂದ ಕಟ್ಟಿದವರು ಸ್ಥಳೀಯರೇ ಎಂದು ತೋರಿಸಿಕೊಟ್ಟರು. ಹಾಗಿದ್ದರೂ ರೊಡೇಶಿಯಾದ (ಆಗ ಈ ದೇಶಕ್ಕಿದ್ದ ಹೆಸರು) ಬಿಳಿಯರ ಸರ್ಕಾರಕ್ಕೆ ಆ ಮಾತು ರುಚಿಸಲಿಲ್ಲ. ಎರಡನೆಯ ದಿನ ಸ್ಥಳದ ವಸ್ತುಸಂಗ್ರಹಾಲಯದಲ್ಲಿ ಬಳಪದ ಕಲ್ಲಿನ ಹಕ್ಕಿಗಳನ್ನು ನೋಡಿದೆ. ಇಂದು ರಾಷ್ಟ್ರಧ್ವಜದಲ್ಲಿರುವುದು ಅಂಥದೇ ಹಕ್ಕಿ. ಈ ನಗರದ ಚಿನ್ನ ಹಿಂದೂ ಮಹಾಸಾಗರದ ಬಂದರುಗಳಿಗೆ ಹೋಗುತ್ತಿತ್ತು. ಪ್ರತಿಯಾಗಿ ಚೀನಾದ ಪಿಂಗಾಣಿ ಮತ್ತು ನಮ್ಮ ಭಾರತದ ಗಾಜಿನ ಮಣಿಗಳು ಇಲ್ಲಿಗೆ ಬಂದಿದ್ದವು.

ಅಲ್ಲಿಂದ ಬುಲವಾಯೋ ನಗರಕ್ಕೆ ಹೋಗುವ ದಾರಿಯಲ್ಲಿ ಟೈರು ಪಂಕ್ಚರ್ ಆಗಿ, ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇರಲಿಲ್ಲ. ಕಾರು ಪಡೆಯುವಾಗ ಅದನ್ನು ಒತ್ತಿ ನೋಡಬೇಕಿತ್ತು. ಒಬ್ಬ ಲಾರಿ ಚಾಲಕರು ನಿಂತು ಗಾಳಿ ತುಂಬಿಕೊಟ್ಟರು. ಆ ವಿಳಂಬದಿಂದ ಬುಲವಾಯೋ ಸಮೀಪದ ಮತ್ತೊಂದು ಹಳೆಯ ಕಲ್ಲಿನ ನಗರವಾದ ಖಾಮಿಯ ಅವಶೇಷಗಳಿಗೆ ಅರ್ಧ ದಿನವಷ್ಟೇ ಉಳಿಯಿತು. ಅಲ್ಲಿನ ಗೋಡೆಗಳ ಮೇಲೆ ಕಲ್ಲನ್ನು ಬಿಟ್ಟು ಬಿಟ್ಟು ಜೋಡಿಸಿ ಮೂಡಿಸಿದ ಚದುರಂಗದ ಮನೆಗಳಂಥ ವಿನ್ಯಾಸವನ್ನು ಅವಸರದಲ್ಲಿ ನೋಡಬೇಕಾಯಿತು.

ಅಲ್ಲಿಂದ 440 ಕಿಲೋಮೀಟರ್ ದಾರಿ ಕ್ರಮಿಸಿ ಜಲಪಾತದ ಊರು ಸೇರಿದೆ. ಸ್ಥಳೀಯರು ಇದನ್ನು ‘ಮೋಸಿ ಓಆ ತುನ್ಯಾ’, ಗುಡುಗುವ ಹೊಗೆ, ಎನ್ನುತ್ತಾರೆ. 1708 ಮೀಟರ್ ಅಗಲದ ನದಿ 100 ಮೀಟರಿಗೂ ಹೆಚ್ಚು ಆಳದ ಸೀಳಿಗೆ ಬೀಳುತ್ತದೆ. ನೋಡುವವರು ಎದುರಿನ ಅಂಚಿನಲ್ಲಿಯೇ ನಡೆಯುತ್ತಾರೆ. ಮೊದಲ ದಿನ ಆ ಅಂಚಿನ ಡೇಂಜರ್ ಪಾಯಿಂಟ್ ಎಂಬ ಜಾಗದಲ್ಲಿ ತುಂತುರು ಸುರಿದು ಮಳೆಯಂಗಿಯೊಳಗೂ ಒದ್ದೆಯಾದೆ, ಕ್ಯಾಮೆರಾ ಹೊರಗೆ ತೆಗೆಯಲಾಗಲಿಲ್ಲ. ಮರುದಿನ ಜಲಪಾತದ ಪಶ್ಚಿಮ ತುದಿಯ ಧಾರೆಯಾದ ಡೆವಿಲ್ಸ್ ಕ್ಯಾಟರಾಕ್ಟ್ ಬಳಿ ಹೆಚ್ಚು ಹೊತ್ತು ನಿಂತೆ. ಅಲ್ಲಿ ನೀರು ಉಳಿದ ಭಾಗಗಳಿಗಿಂತ ತಗ್ಗಿನಲ್ಲಿ ಧುಮುಕುತ್ತದೆ, ಏಕೆಂದರೆ ಕಪ್ಪು ಬಸಾಲ್ಟ್ ಬಂಡೆಯ ಮತ್ತೊಂದು ಮೆದು ಬಿರುಕನ್ನು ನದಿ ಆಗಲೇ ಕೊರೆಯತೊಡಗಿದೆ. ಮಧ್ಯಾಹ್ನ ಜಲಪಾತದ ಕೆಳಗಿನ ಕಮರಿಗೆ 1905ರಲ್ಲಿ ಕಟ್ಟಿದ ಸೇತುವೆಯ ಮೇಲೆ ನಿಂತು ಕೆಳಹರಿವಿನ ಕಡೆ ನೋಡಿದೆ. ಅಂಕುಡೊಂಕಾಗಿ ತಿರುಗುತ್ತಾ ಹೋಗುವ ಆ ಕಮರಿಗಳೆಲ್ಲ ಒಂದೊಂದು ಕಾಲದಲ್ಲಿ ಜಲಪಾತವಿದ್ದ ಜಾಗಗಳು. ಡೆವಿಲ್ಸ್ ಕ್ಯಾಟರಾಕ್ಟ್‌ನಲ್ಲಿ ಬೆಳಿಗ್ಗೆ ನಾನು ನೋಡಿದ್ದು ಅವುಗಳ ಮುಂದಿನ ತಿರುವಿನ ಮೊದಲ ಗೆರೆ.