ಅರವತ್ತು ಅಡಿ ರಸ್ತೆಯನ್ನು ಅಂಚಿನಿಂದ ಒಳಕ್ಕೆ ಹಂಚುವ ಬಗೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ 60 ಅಡಿ ರಸ್ತೆ ಅಂದರೆ ನಕ್ಷೆಯಲ್ಲಿ 18 ಮೀಟರ್. ಟೇಪು ಹಿಡಿದರೆ ಅಷ್ಟು ಎಲ್ಲ ಕಡೆ ಸಿಗುವುದಿಲ್ಲ. ಇಲ್ಲೊಂದು ಅಂಗಡಿಯ ಮೆಟ್ಟಿಲು, ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಬೇಲಿ, ಮುಂದೆ ಯಾರದೋ ಗೇಟಿನ ರ‍್ಯಾಂಪು. ಕಾಂಪೌಂಡಿನಿಂದ ಕಾಂಪೌಂಡಿಗೆ ಪ್ರತಿ 10 ಮೀಟರಿಗೊಂದು ಅಳತೆ ತೆಗೆದು, ಅದರಲ್ಲಿ ಅತಿ ಕಿರಿದಾದದ್ದನ್ನೇ ರಸ್ತೆಯ ಅಗಲ ಎಂದು ನಾನು ಹಿಡಿಯುತ್ತೇನೆ. ಸರಾಸರಿ ಹಿಡಿದು ನಕ್ಷೆ ಬರೆದರೆ ಕಿರಿದಾದ ಜಾಗ ಬಂದಾಗ ಮೊದಲು ಕತ್ತರಿ ಬೀಳುವುದು ಫುಟ್‌ಪಾತಿಗೆ.

ನಕ್ಷೆ ಬರೆಯುವ ರೂಢಿಯಲ್ಲೇ ಒಂದು ತಪ್ಪಿದೆ. ನಡುಗೆರೆಯಿಂದ ಶುರುಮಾಡಿ ವಾಹನಕ್ಕೆ ಬೇಕಾದಷ್ಟು ಕೊಟ್ಟು, ಉಳಿದದ್ದನ್ನು ಎರಡೂ ಬದಿಗೆ ತಳ್ಳುತ್ತಾರೆ. ನಾನು ಕಾಂಪೌಂಡಿನಿಂದ ಒಳಕ್ಕೆ ಬರುತ್ತೇನೆ. ಪೂರಾ 18 ಮೀಟರ್ ಸಿಕ್ಕಿದ ರಸ್ತೆಯಲ್ಲಿ ಒಂದು ಬದಿಯ ಹಂಚಿಕೆ ಹೀಗೆ: ಫುಟ್‌ಪಾತು 3 ಮೀಟರ್, ಅದರಾಚೆ ಮರ, ಪಾರ್ಕಿಂಗ್, ಬಸ್ ನಿಲ್ದಾಣ, ತಳ್ಳುಗಾಡಿ ಎಲ್ಲವೂ ಸರದಿಯಲ್ಲಿ ಬರುವ ಪಟ್ಟಿ 2.75 ಮೀಟರ್, ಕೊನೆಗೆ ಓಡಾಟಕ್ಕೆ 3.25 ಮೀಟರ್. ಇಂಥ ಎರಡು ಬದಿ ಸೇರಿದರೆ 18. ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಮಾರ್ಗಸೂಚಿ 103 ವಾಣಿಜ್ಯ ರಸ್ತೆಗೆ 2.5 ಮೀಟರ್ ಅಡೆತಡೆಯಿಲ್ಲದ ಫುಟ್‌ಪಾತು ಕೇಳುತ್ತದೆ. ಉಳಿದ ಅರ್ಧ ಮೀಟರ್ ಅಂಗಡಿಯ ಬೋರ್ಡಿಗೆ, ಕಿಟಕಿಯಲ್ಲಿ ಇಣುಕಿ ನಿಂತವರಿಗೆ ಹೋಗಿಯೇ ಹೋಗುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದರೆ ಜಗಳವಿಲ್ಲ.

ಸೈಕಲ್ ಪಥ ಎಲ್ಲಿ ಎಂದು ಕೇಳುವವರಿಗೆ ನೇರ ಉತ್ತರ: 18 ಮೀಟರಿನಲ್ಲಿ ಪ್ರತ್ಯೇಕ ಪಥ ಬೇಡ. ಐಆರ್‌ಸಿ 11ರ ಪ್ರಕಾರ ಏಕಮುಖ ಪಥಕ್ಕೇ 2 ಮೀಟರ್ ಬೇಕು. ಅದನ್ನು ಮರದ ಪಟ್ಟಿಯಿಂದ ಕಿತ್ತರೆ ನೆರಳು ಹೋಯಿತು, ಫುಟ್‌ಪಾತಿನಿಂದ ಕಿತ್ತರೆ ನಡೆಯುವವರು ಸೈಕಲ್ ಪಥಕ್ಕೇ ಇಳಿಯುತ್ತಾರೆ. ಬಣ್ಣ ಬಳಿದ 1.2 ಮೀಟರ್ ಪಟ್ಟಿ ಇನ್ನೂ ಕೆಟ್ಟದ್ದು, ವಾರ ಕಳೆಯುವುದರೊಳಗೆ ಅದು ಸ್ಕೂಟರ್ ಸ್ಟ್ಯಾಂಡು. ಇಲ್ಲಿ ಸೈಕಲ್ಲಿಗೆ ಕೊಡಬಹುದಾದದ್ದು ಜಾಗವಲ್ಲ, ನಿಧಾನ. ಎರಡೂ ಲೇನು ಸೇರಿ 6.5 ಮೀಟರ್, ನಡುವೆ ಡಿವೈಡರ್ ಇಲ್ಲ, ಪ್ರತಿ 80ರಿಂದ 100 ಮೀಟರಿಗೆ ಜನ ರಸ್ತೆ ದಾಟಲು ಎತ್ತರಿಸಿದ ದಾಟುಕಟ್ಟೆ. ಇಷ್ಟಾದರೆ ಗಂಟೆಗೆ 30 ಕಿ.ಮೀ. ದಾಟಲು ಯಾರಿಗೂ ಮನಸ್ಸಾಗದು. ಸೈಕಲ್ ಗುರುತನ್ನು ಲೇನಿನ ನಟ್ಟನಡುವೆ ಬರೆಯಿರಿ. ಅಂಚಿನಲ್ಲಿ ಬರೆದರೆ ನಿಂತ ಕಾರಿನ ಬಾಗಿಲು ತೆರೆಯುವ ಜಾಗಕ್ಕೇ ಸವಾರರನ್ನು ಕರೆದಂತಾಗುತ್ತದೆ.

80 ಅಡಿ ರಸ್ತೆಯಲ್ಲಿ, ಅಂದರೆ 24 ಮೀಟರಿನಲ್ಲಿ, ಮಾತು ಬೇರೆ. ಒಂದು ಬದಿಗೆ ಫುಟ್‌ಪಾತು 3, ಸೈಕಲ್ ಪಥ 2.2, ಕಾರಿನ ಬಾಗಿಲಿಗೆಂದು 0.5, ಮರ ಮತ್ತು ಪಾರ್ಕಿಂಗ್ 2.8, ಲೇನು 3.5. ಸೈಕಲ್ ಪಥ ಫುಟ್‌ಪಾತಿಗೂ ಮರಗಳಿಗೂ ನಡುವೆ ಬರಬೇಕು. 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳ ನಿಲ್ದಾಣದಂಥದ್ದನ್ನೂ ಇದೇ ಮರದ ಪಟ್ಟಿಗೆ ಹಾಕಬೇಕು, ಫುಟ್‌ಪಾತಿನ ಮೇಲಲ್ಲ. ಪಥದ ಬಾಯಿಗೆ ಗೂಟ ನೆಟ್ಟು ಸ್ಕೂಟರ್ ತಡೆಯುವ ಆಸೆ ಬಿಡಿ. ಗಾಲಿಕುರ್ಚಿಗೆ 90 ಸೆಂ.ಮೀ. ಬೇಕು, ಸ್ಕೂಟರಿನ ಹ್ಯಾಂಡಲ್ 70 ಸೆಂ.ಮೀ. ಆಸುಪಾಸು. ಮೊದಲನೆಯದು ನುಗ್ಗುವಲ್ಲಿ ಎರಡನೆಯದು ನುಗ್ಗಿಯೇ ನುಗ್ಗುತ್ತದೆ. ಸಿಗ್ನಲ್ಲಿನಲ್ಲಿ ವಾಹನಗಳು ತುಂಬಿ ನಿಂತಾಗ ಮಾತ್ರ ಸ್ಕೂಟರುಗಳು ಪಕ್ಕಕ್ಕೆ ಹತ್ತುವುದು ಹೆಚ್ಚು. ಹಾಗಾಗಿ ಜಂಕ್ಷನ್ನಿಗೆ ಮುಂಚಿನ 30 ಮೀಟರಿನಲ್ಲಿ ಕರ್ಬ್ (ಫುಟ್‌ಪಾತಿನ ಅಂಚುಗಲ್ಲು) ಎಲ್ಲೂ ತಗ್ಗದೆ ಪೂರ್ತಿ ಎತ್ತರವಿದ್ದರೆ ಅರ್ಧ ಕಾಟ ತಪ್ಪುತ್ತದೆ.

ಇನ್ನು ಲೆವೆಲ್. ಹಳೆಯ ರಸ್ತೆ ಕೆಡುವುದು ಇಲ್ಲೇ, ಹೊಸ ನಕ್ಷೆ ಸೋಲುವುದೂ ಇಲ್ಲೇ. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೇ 40 ಮಿ.ಮೀ. ಹೊಸ ಪದರ ಎಳೆಯುವುದು ರೂಢಿ. ನಾಲ್ಕು ಸಲ ಆದರೆ 160 ಮಿ.ಮೀ., ಅಂದರೆ ಒಂದಿಡೀ ಕರ್ಬ್ ಕಲ್ಲು ಮುಳುಗಿತು. ಆಮೇಲೆ ಮಳೆನೀರು ಅಂಗಡಿಗೆ ನುಗ್ಗುತ್ತದೆ, ಅಂಗಡಿಯವರು ಹೊಸ್ತಿಲ ಮುಂದೆ ಸಿಮೆಂಟಿನ ದಿಂಡು ಕಟ್ಟುತ್ತಾರೆ, ಆ ದಿಂಡು ಫುಟ್‌ಪಾತನ್ನು ತಿನ್ನುತ್ತದೆ.

ಲೆಕ್ಕ ಮಾಡಿ. ಫುಟ್‌ಪಾತಿಗೆ 50ಕ್ಕೆ 1ರ ವಾಟ: 3 ಮೀಟರಿಗೆ 60 ಮಿ.ಮೀ. ಇಳಿತ. ಕರ್ಬ್ 150 ಮಿ.ಮೀ. ಇಳಿತ. ಅಲ್ಲಿಂದ ರಸ್ತೆಯ ನಡುವಿನ ನೆತ್ತಿಯವರೆಗೆ 6 ಮೀಟರಿಗೆ ನೂರಕ್ಕೆ 2.5ರ ವಾಟದಲ್ಲಿ 150 ಮಿ.ಮೀ. ಏರು. ಕರ್ಬಿನ ಇಳಿತಕ್ಕೂ ರಸ್ತೆಯ ಏರಿಗೂ ವಜಾ ಆಯಿತು. ಅಂದರೆ ನೆತ್ತಿಯು ಹೊಸ್ತಿಲಿಗಿಂತ ಕನಿಷ್ಠ 60 ಮಿ.ಮೀ. ಕೆಳಗಿರಬೇಕು. ಪ್ರತಿ ಹೊಸ್ತಿಲಿನ, ಪ್ರತಿ ಗೇಟಿನ ಲೆವೆಲ್ ತೆಗೆದು ಕೋಷ್ಟಕ ಮಾಡಿದರೆ ಎಲ್ಲಿ ಎಷ್ಟು ಮಿಲ್ಲಿಂಗ್ (ಹಳೆಯ ಡಾಂಬರಿನ ಕೆರೆತ) ಬೇಕು ಎಂಬುದು ತಾನಾಗಿ ಬರುತ್ತದೆ. ಹಳೆಯ ರಸ್ತೆಗಳಲ್ಲಿ 100ರಿಂದ 150 ಮಿ.ಮೀ. ಕೆರೆಯಬೇಕಾಗಿ ಬಂದರೆ ಗಾಬರಿ ಬೇಡ. ಆದರೆ ಕೆರೆಯುವ ಮೊದಲು ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್‌ಗಳ ಕುತ್ತಿಗೆಯನ್ನು ಎಷ್ಟು ತಗ್ಗಿಸಬಹುದು ಎಂದು ನೋಡಿ. ಅದನ್ನು ಮರೆತರೆ ಹೊಸ ರಸ್ತೆಯ ತುಂಬ ಮೊಡವೆ.

ಚರಂಡಿ. 600 ಮೀಟರ್ ಉದ್ದದ ರಸ್ತೆ ಎಂದುಕೊಳ್ಳಿ. ರಸ್ತೆಯದು 1.08 ಹೆಕ್ಟೇರ್, ಎರಡೂ ಬದಿ 15 ಮೀಟರ್ ಆಳದ ಮನೆಗಳ ತಾರಸಿ ಸೇರಿಸಿದರೆ 2.88 ಹೆಕ್ಟೇರ್. ಗಂಟೆಗೆ 60 ಮಿ.ಮೀ. ಮಳೆಗೆ, ಹರಿವಿನ ಗುಣಾಂಕ 0.9 ಹಿಡಿದರೆ ಸೆಕೆಂಡಿಗೆ 0.43 ಘನ ಮೀಟರ್, ಒಂದು ಬದಿಗೆ ಸುಮಾರು 0.22. 450 ಮಿ.ಮೀ. ಅಗಲದ ಕಾಂಕ್ರೀಟ್ ಚರಂಡಿ, 300ಕ್ಕೆ 1ರ ವಾಟದಲ್ಲಿ, 500 ಮಿ.ಮೀ. ಆಳ ತುಂಬಿ ಹರಿದರೆ 0.25 ಸಾಗಿಸುತ್ತದೆ. ಅಂಚಿಗೆ ಬಂದು ನಿಂತಿತು. ತಾರಸಿ ನೀರನ್ನು ಬಿಟ್ಟು ಬರೀ ರಸ್ತೆಯ ಲೆಕ್ಕ ಹಾಕಿದವರು ಇದೇ ಕಾರಣಕ್ಕೆ ಮೇ ತಿಂಗಳ ಮೊದಲ ಮಳೆಗೆ ಸಿಕ್ಕಿಬೀಳುತ್ತಾರೆ.

ಗಾತ್ರ ಸರಿಯಿದ್ದೂ ನೀರು ನಿಂತರೆ ತಪ್ಪು ಬಾಯಿಯದ್ದು. ಕರ್ಬಿನಲ್ಲಿ 600 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಬಾಯಿ ಪ್ರತಿ 10ರಿಂದ 15 ಮೀಟರಿಗೊಂದು ಇರಲಿ. ರಸ್ತೆಯಲ್ಲಿ ಮಲಗಿದ ಜಾಲರಿಯನ್ನು ಮಳೆಮರದ ಸಣ್ಣೆಲೆ ಒಂದೇ ಗಾಳಿಗೆ ಮುಚ್ಚಿಬಿಡುತ್ತದೆ, ನಿಂತ ಬಾಯಿ ಅಷ್ಟು ಬೇಗ ಕಟ್ಟುವುದಿಲ್ಲ. ಜಾಲರಿ ಹಾಕಲೇಬೇಕಾದರೆ ಸರಳುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು, ಉದ್ದಕ್ಕಿದ್ದರೆ ಚಕ್ರ ಇಳಿಯುತ್ತದೆ. ಪ್ರತಿ ಬಾಯಿಯ ಕೆಳಗೆ ಹೂಳು ಕೂರಲು 300 ಮಿ.ಮೀ. ಗುಂಡಿ.

ಮರಕ್ಕೆ ಬಂದಾಗ ನಾನು ಸ್ವಲ್ಪ ಹಟಮಾರಿ. ಮೊದಲು ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುತ್ತೇನೆ. 2.2 ಮೀಟರ್ ಸುತ್ತಳತೆಯ ಮಳೆಮರದ ವ್ಯಾಸ ಸುಮಾರು 70 ಸೆಂ.ಮೀ. ವ್ಯಾಸದ 12 ಪಟ್ಟು ಬೇರಿನ ಕ್ಷೇತ್ರ ಎಂಬ ನಿಯಮ ಹಿಡಿದರೆ 8.4 ಮೀಟರ್, ಹೆಚ್ಚುಕಡಿಮೆ ಅರ್ಧ ರಸ್ತೆ. ಅಷ್ಟನ್ನು ಮುಟ್ಟದೆ ಕೆಲಸ ಸಾಗದು. ಆದರೆ ವ್ಯಾಸದ 3ರಿಂದ 5 ಪಟ್ಟು ದೂರದೊಳಗೆ, ಈ ಮರಕ್ಕೆ ಸುಮಾರು 2ರಿಂದ 3.5 ಮೀಟರ್, ಜೆಸಿಬಿ ಬರಕೂಡದು. ಅಲ್ಲಿ ಗುದ್ದಲಿ, ಹಾರೆ ಮಾತ್ರ. 50 ಮಿ.ಮೀ.ಗಿಂತ ದಪ್ಪ ಬೇರು ಸಿಕ್ಕರೆ ಕಡಿಯದೆ ಕರ್ಬನ್ನೇ ಸೇತುವೆ ಮಾಡಿ: ಬೇರಿನ ಆಚೀಚೆ ಎರಡು ಸಣ್ಣ ಪಾಯ, ಮೇಲೆ ಒಂದು ಉದ್ದ ಗ್ರಾನೈಟ್ ದಿಂಡು. ಫುಟ್‌ಪಾತಿನಲ್ಲಿ ಬೇರು ಎದ್ದಿದ್ದರೆ ಅದರ ಮೇಲೆ 50 ಮಿ.ಮೀ. ಮರಳು, ಆಮೇಲೆ ಕಲ್ಲು ಚಪ್ಪಡಿ. ಬೇರು ಇನ್ನಷ್ಟು ಎದ್ದರೆ ಚಪ್ಪಡಿ ಎತ್ತಿ ಮತ್ತೆ ಕೂರಿಸಬಹುದು, ಕಾಂಕ್ರೀಟ್ ಆದರೆ ಒಡೆಯಲೇಬೇಕು.

ಒಂದು ಬದಿಯ ಬೇರು ಪೂರ್ತಿ ಕಡಿದ ಮರ ತಕ್ಷಣ ಬೀಳುವುದಿಲ್ಲ. ಎರಡು ಮೂರು ವರ್ಷ ಬಿಟ್ಟು ಏಪ್ರಿಲ್-ಮೇ ಗಾಳಿಮಳೆಗೆ ಉರುಳುತ್ತದೆ, ಆಗ ಎಲ್ಲರೂ ಮರ ಹಳತಾಗಿತ್ತು ಅನ್ನುತ್ತಾರೆ. ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಕೂಡದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಹೇಳಿದ್ದನ್ನು ನಾನು ಕನಿಷ್ಠ ಎಂದು ಹಿಡಿಯುತ್ತೇನೆ. ಕಡಿಯಲೇಬೇಕಾದ ಮರಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದುರುಳಿಸಿದ ಮೇಲೆ ಮೈಸೂರಿನಲ್ಲಿ ಎದ್ದ ಸಿಟ್ಟನ್ನು ಕಂಡವರಿಗೆ ನಕ್ಷೆಯನ್ನೇ ಮರದ ಸುತ್ತ ಬಳಸಿ ಬರೆಯುವುದು ಅಗ್ಗ ಎಂದು ಬಿಡಿಸಿ ಹೇಳಬೇಕಿಲ್ಲ.

ಹೊಸ ಸಸಿಗೆ ಗುಂಡಿ 1.8 ಮೀಟರ್ ಅಗಲ, 2.4 ಉದ್ದ, 1 ಮೀಟರ್ ಆಳ. ಎರಡು ಮರಗಳ ನಡುವೆ 8ರಿಂದ 10 ಮೀಟರ್, ಆ ಸಂದಿನಲ್ಲಿ ಒಂದು ಕಾರು ಅಥವಾ 6 ಸ್ಕೂಟರ್. ಪಾರ್ಕಿಂಗಿನ ಕೆಳಗೂ ಬೇರು ಹೋಗಲೆಂದು 20ರಿಂದ 40 ಮಿ.ಮೀ. ಜಲ್ಲಿಯನ್ನು ತೂಕದಲ್ಲಿ ನೂರಕ್ಕೆ 80, ಜೇಡಿ ಬೆರೆತ ಮಣ್ಣನ್ನು 20 ಪಾಲು ಕಲಸಿ 600 ಮಿ.ಮೀ. ದಪ್ಪ ತುಂಬುವ ಕ್ರಮವಿದೆ. ಜಲ್ಲಿ ಭಾರ ಹೊರುತ್ತದೆ, ಸಂದಿನ ಮಣ್ಣು ಬೇರನ್ನು ಸಾಕುತ್ತದೆ. ಮಣ್ಣು ಹೆಚ್ಚಾದರೆ ಪೇವರ್ ಕುಸಿಯುತ್ತದೆ, ಆದ್ದರಿಂದ ಕಣ್ಣಂದಾಜು ಬೇಡ. ಚೆಸ್ಕಾಂ ವಿದ್ಯುತ್ ತಂತಿ ಮೇಲಿರುವ ಬದಿಗೆ ಕಕ್ಕೆ, ಇನ್ನೊಂದು ಬದಿಗೆ ಹೊಂಗೆ, ಬೇವು, ಹೊಳೆಮತ್ತಿ. ಗುಲ್‌ಮೊಹರ್ ಚೆಂದವೇ, ಆದರೆ ಕೊಂಬೆ ಬಲು ಪೆಳಸು, ಬಸ್ ನಿಲ್ದಾಣದ ಮೇಲಂತೂ ಬೇಡ. ರೆಂಬೆ ಫುಟ್‌ಪಾತಿನ ಮೇಲೆ 2.5 ಮೀಟರ್, ಲೇನಿನ ಮೇಲೆ 4.5 ಮೀಟರ್ ಎತ್ತರದಲ್ಲಿರಲಿ. ಅಂಬಾರಿ ಎಂಬ ಪ್ರವಾಸಿ ಡಬಲ್ ಡೆಕ್ಕರ್ ಬಸ್ಸು ಓಡುವ ರಸ್ತೆಯಾದರೆ ತೆರೆದ ಮೇಲಂತಸ್ತಿನಲ್ಲಿ ಕೂತವರ ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಸರಾ ದೀಪದ ಸರಕ್ಕೆಂದು ಮರಕ್ಕೆ ಮೊಳೆ ಹೊಡೆಯುವ ಬದಲು ಬೀದಿದೀಪದ ಕಂಬಕ್ಕೇ ಕೊಂಡಿ ಬೆಸೆಸಿ. ಆ ಕಂಬ 4ರಿಂದ 6 ಮೀಟರ್ ಎತ್ತರದ್ದಾಗಿರಲಿ, ಇಲ್ಲವಾದರೆ ಬೆಳಕೆಲ್ಲ ಕೊಂಬೆಗಳ ಮೇಲೇ ಉಳಿಯುತ್ತದೆ.

ನೆಲದಡಿಯ ಕೊಳವೆ, ಕೇಬಲ್ ಎಲ್ಲವೂ ಫುಟ್‌ಪಾತಿನ ಕೆಳಗೆ, ಮರದ ಪಟ್ಟಿಯ ಕೆಳಗೆ ಒಂದೂ ಇಲ್ಲ. ಕಾಗದದ ನಕ್ಷೆ ನಂಬದೆ ಪ್ರತಿ 50 ಮೀಟರಿಗೊಂದು ಪರೀಕ್ಷಾ ಗುಂಡಿ, 1.5 ಮೀಟರ್ ಆಳ, ಕೈಯಲ್ಲಿ ತೋಡಿಸಿ. ಕೇಬಲ್ಲಿಗೆ 110 ಮಿ.ಮೀ. ಪೈಪು, ಬೇಕಾದುದಕ್ಕಿಂತ ಎರಡು ಹೆಚ್ಚು ಹಾಕಿ. ಆ ಎರಡು ಖಾಲಿ ಪೈಪಿನ ಖರ್ಚನ್ನು ಯಾರೋ ಹೊಡೆದುಹಾಕಲು ನೋಡುತ್ತಾರೆ, ಬಿಡಬೇಡಿ, ಮುಂದಿನ ಅಗೆತ ತಪ್ಪುವುದು ಅದರಿಂದಲೇ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದ್ದರೆ ಅದನ್ನೂ ಅಳೆಯಿರಿ. ಮನೆಗಳ ಯುಜಿಡಿ ಸಂಪರ್ಕ ಅಲ್ಲೇ ಇದ್ದರೆ ಮುಂದಿನ ಫುಟ್‌ಪಾತಿನಲ್ಲಿ ಅಷ್ಟು ಚೇಂಬರ್ ಕಡಿಮೆ.

ಬಸ್ಸಿಗೆ ಒಳಸರಿದ ಬೇ ಮಾಡಬೇಡಿ. ಅಲ್ಲಿ ಆಟೊ ನಿಲ್ಲುತ್ತದೆ, ಬಸ್ಸು ಲೇನಿನಲ್ಲೇ ಓರೆಯಾಗಿ ನಿಲ್ಲುತ್ತದೆ, ಜನ ರಸ್ತೆಗಿಳಿಯುತ್ತಾರೆ. ಪಟ್ಟಿಯ 2.75 ಮೀಟರನ್ನೇ ಹೊರಚಾಚಿದ ಕಟ್ಟೆ ಮಾಡಿ, 12 ಮೀಟರ್ ಬಸ್ಸಿಗೆ 15 ಮೀಟರ್ ಉದ್ದ. ಬಸ್ಸು ಲೇನಿನಿಂದ ಕದಲದೆ ಕಟ್ಟೆಗೆ ಅಂಟಿ ನಿಲ್ಲುತ್ತದೆ, ತಂಗುದಾಣ ಕಟ್ಟೆಯ ಮೇಲೆ, ಅದರ ಹಿಂದೆ 3 ಮೀಟರ್ ಫುಟ್‌ಪಾತು ಹಾಗೇ ತೆರೆದಿರುತ್ತದೆ. ಹಿಂದಿನ ವಾಹನ ಕಾಯಬೇಕಾಗುತ್ತದೆ, ಕಾಯಲಿ. ಆಟೊ ನಿಲ್ದಾಣವನ್ನು ಬಸ್ ನಿಂತ ಜಾಗದ ಮುಂದೆ ಕೊಡಿ, ಹಿಂದೆ ಕೊಟ್ಟರೆ ಬಸ್ಸಿನ ದಾರಿಗೇ ಅಡ್ಡ.

ದಾಟುಕಟ್ಟೆ ಬಸ್ ಮಾರ್ಗದಲ್ಲಿ 100 ಮಿ.ಮೀ. ಎತ್ತರ ಸಾಕು, ಏರು 12ಕ್ಕೆ 1, ಮೇಲಿನ ಸಮತಟ್ಟು 6 ಮೀಟರಿಗಿಂತ ಹೆಚ್ಚು. ಸಮತಟ್ಟು ಗಿಡ್ಡವಾದರೆ ಮುಂದಿನ ಚಕ್ರ ಇಳಿಯುವಾಗ ಹಿಂದಿನದು ಏರುತ್ತದೆ, ಹಿಂದಿನ ಸೀಟಿನವರ ಬೆನ್ನು ಮುರಿಯುತ್ತದೆ, ಕೆಲವೇ ವಾರದಲ್ಲಿ ದೂರು ಬಂದು ಕಟ್ಟೆಯೇ ಹೋಗುತ್ತದೆ. ಗೇಟುಗಳ ಮುಂದೆ ಫುಟ್‌ಪಾತು ತಗ್ಗಬಾರದು. ಕಾರು ಹತ್ತುವ ರ‍್ಯಾಂಪು ಕರ್ಬಿನಾಚೆ, ಪಟ್ಟಿಯ ಜಾಗದಲ್ಲೇ ಮುಗಿಯಲಿ. ಅಲ್ಲಿ 80 ಮಿ.ಮೀ. ಪೇವರ್, ಉಳಿದೆಡೆ 60. ಕಲ್ಲು ಹಾಸುವುದಾದರೆ ಪಾಲಿಶ್ ಬೇಡ, ಮೊದಲ ತುಂತುರಿಗೇ ಜಾರುತ್ತದೆ.

ಕೆಲಸದ ಪಂಚಾಂಗ: ಮೈಸೂರಿಗೆ ಮಳೆ ಮೇನಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೊಮ್ಮೆ ಜೋರು. ದಸರಾ ಮುಗಿದು ನವೆಂಬರಿನಲ್ಲಿ ಅಗೆತ, ಏಪ್ರಿಲ್ ಕೊನೆಗೆ ಚರಂಡಿ ಪೂರ್ತಿ, ಜೂನಿನಲ್ಲಿ ಸಸಿ. ಅದಕ್ಕೂ ಮೊದಲು ಹೊಸ ಅಂಚುಗಳನ್ನು ಸುಣ್ಣದ ಗೆರೆ ಮತ್ತು ಮರಳು ತುಂಬಿದ ಡ್ರಮ್ಮುಗಳಿಂದ ಎರಡು ವಾರ ಗುರುತು ಮಾಡಿ ನೋಡುವುದು ಒಳ್ಳೆಯದು. ಹಾಲಿನ ವ್ಯಾನು, ಗ್ಯಾಸಿನ ಲಾರಿ ಎಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದು ಆಗಲೇ ಕಾಣುತ್ತದೆ. ಅಗೆಯುವಾಗ ಒಂದು ಬದಿ, 150 ಮೀಟರ್ ತುಂಡು, ಚರಂಡಿ ತಗ್ಗಿನ ತುದಿಯಿಂದ ಮೇಲಕ್ಕೆ. ಕಂದಕ ತುಂಬುವಾಗ 200 ಮಿ.ಮೀ. ಪದರಕ್ಕೊಮ್ಮೆ ನೀರು ಹಾಕಿ ದಮ್ಮಸು ಮಾಡಲೇಬೇಕು. ಚೇಂಬರಿನ ಸುತ್ತ ಪೇವರ್ ಕುಸಿದ ಜಾಗಗಳಲ್ಲಿ ಅಗೆದು ನೋಡಿದರೆ ಸಿಗುವುದು ಸಡಿಲ ಮಣ್ಣು, ಸಿಮೆಂಟ್ ಚೀಲ.

ಡಾಂಬರು ಕಟ್ಟಕಡೆಗೆ. ಅದಾದ ದಿನವೇ ಪ್ರತಿ 20 ಮೀಟರಿಗೊಂದು ಕರ್ಬ್ ಕಲ್ಲಿನ ಮುಖದಲ್ಲಿ, ಹೊಸ ಡಾಂಬರಿನ ಮಟ್ಟಕ್ಕೆ ಸರಿಯಾಗಿ, ಉಳಿಯಿಂದ ಒಂದು ಗೆರೆ ಕೆತ್ತಿಸಿ, ಆ ಮಟ್ಟವನ್ನು ನಿರ್ವಹಣೆಯ ಕರಾರಿನಲ್ಲಿ ಬರೆಸುತ್ತೇನೆ. ಮುಂದಿನ ಪದರ ಹಾಕಲು ಬಂದವರು ಮೊದಲು ಆ ಗೆರೆಯಿಂದ 40 ಮಿ.ಮೀ. ಕೆಳಕ್ಕೆ ಕೆರೆದಿರಬೇಕು, ಗೆರೆ ಕಾಣದಿದ್ದರೆ ಬಿಲ್ ಇಲ್ಲ.